ವಾಣಿಜ್ಯ ಬಳಕೆಗೆ ಬಂದ ಮೊದಲ ವಿದ್ಯುತ್ ಟೆಲಿಗ್ರಾಫ್ ಯಂತ್ರದಲ್ಲಿ 20 ಅಕ್ಷರ ಮಾತ್ರ ಇದ್ದದ್ದು ಯಾಕೆ?

ಅದರಲ್ಲಿದ್ದ ಐದು ಮುಳ್ಳುಗಳಿಂದ ಅಷ್ಟೇ ಅಕ್ಷರ ತೋರಿಸಲು ಆಗುತ್ತಿತ್ತು, ಅದಕ್ಕೆ. ಇಂಗ್ಲೆಂಡಿನ ಕುಕ್ ಮತ್ತು ವೀಟ್‌ಸ್ಟನ್ 1837ರಲ್ಲಿ ಪೇಟೆಂಟ್ ಪಡೆದ ಯಂತ್ರ ಇದು.

ವಜ್ರಾಕಾರದ ಹಲಗೆ, ನಡುವೆ ಒಂದೇ ಸಾಲಿನಲ್ಲಿ ಐದು ಕಾಂತದ ಮುಳ್ಳುಗಳು, ಪ್ರತಿಯೊಂದರ ಹಿಂದೆ ತಂತಿಯ ಸುರುಳಿ. ಕರೆಂಟ್ ಒಂದು ತಂತಿಯಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಹಾಗಾಗಿ ಎರಡು ಮುಳ್ಳು ಎದುರುಬದುರಾಗಿ ವಾಲುತ್ತವೆ. ಅವು ತೋರಿಸುವ ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲಿ ಬರೆದಿರುವುದೇ ಅಕ್ಷರ. ಐದರಲ್ಲಿ ಎರಡೆರಡು ಆರಿಸಿದರೆ 10 ಜೋಡಿ. ಮೇಲೆ ಕೂಡಿದರೆ ಒಂದು ಅಕ್ಷರ, ಕೆಳಗೆ ಕೂಡಿದರೆ ಇನ್ನೊಂದು. ಒಟ್ಟು 20, ಅಲ್ವಾ? ಸಿ, ಜೆ, ಕ್ಯೂ, ಯು, ಎಕ್ಸ್, ಝಡ್ ಹೊರಗುಳಿದವು.

ಸಂಕೇತ ಕಲಿಯುವ ತಾಪತ್ರಯವೇ ಇಲ್ಲ, ಓದು ಬಂದರೆ ಸಾಕು. ನನ್ನ ಮಟ್ಟಿಗೆ ಅದೇ ಇದರ ಜಾಣತನ. ಆದರೆ ಐದೈದು ತಂತಿ ಎಳೆಯುವ ಖರ್ಚು ಜಾಸ್ತಿ. ಆಮೇಲೆ ಎರಡು ಮುಳ್ಳಿನ ಯಂತ್ರ ಬಂತು. ಅದರಲ್ಲೂ ಕ್ಯೂ ಇರಲಿಲ್ಲ. 1845ರಲ್ಲಿ ಕೊಲೆ ಆರೋಪಿ ಜಾನ್ ಟಾವೆಲ್ ಲಂಡನ್ ಹತ್ತಿರದ ಸ್ಲೌ ಊರಿನಿಂದ ರೈಲು ಹತ್ತಿದಾಗ, ಅವನು ಕ್ವೇಕರ್ ಎಂಬ ಕ್ರೈಸ್ತ ಪಂಥದವರಂತೆ ಬಟ್ಟೆ ತೊಟ್ಟಿದ್ದಾನೆ ಎಂದು ಲಂಡನ್ನಿಗೆ ತಂತಿ ಸಂದೇಶ ಹೋಯಿತು. ಕ್ವೇಕರ್ ಎಂಬ ಪದವನ್ನು ಕ್ಯೂ, ಯು ಬದಲು ಕೆ, ಡಬ್ಲ್ಯೂ ಹಾಕಿ ಕಳಿಸಬೇಕಾಯಿತು.