ಕುಂಚ ಹಿಡಿದರೆ ಬ್ಯಾಸರ

"ಅಕ್ಕಾರ, ನಾನು ಕೊಪ್ಪಳದ ಹತ್ರ ಕಿನ್ನಾಳದಾವ, ಚಿತ್ರಗಾರರ ಮನಿ, ಕಟ್ಟಿಗಿ ಗೊಂಬಿ ಮಾಡಾವ್ರು. ವಯಸ್ಸು 29. ಸಣ್ಣಾವ ಇದ್ದಾಗ ಊಟಕ್ಕ ಕರದ್ರೂ ಕುಂಚ ಬಿಡ್ತಿರಲಿಲ್ಲ. ಎರಡು ವರ್ಷದಿಂದ ಆರ್ಡರ್ ಚಲೋ ಬರಾಕತ್ಯಾವ. ಎಲ್ಲಾ ಒಂದ ಅಳತಿ ಕಾಮಧೇನು, ಬಣ್ಣಾನೂ ಅವರ ಹೇಳ್ತಾರ. ಅಜ್ಜ ತೀರಿಕೊಂಡು ಒಂದೂವರೆ ವರ್ಷ ಆತು. ಈಗ ಕುಂಚ ಹಿಡಿದ್ರ ಬ್ಯಾಸರ. ಮುಂಜಾನೆ ಎದ್ದು ಹುರುಪು ತುಂಬೋ ವಿಡಿಯೋ ನೋಡ್ತೀನಿ, ಮಧ್ಯಾಹ್ನ ಅನ್ನೂದ್ರಾಗ ಅದೂ ಇಳಿದಿರ್ತೈತಿ. ಬೆಂಗಳೂರಿಗೆ ಸೆಕ್ಯೂರಿಟಿ ಕೆಲಸಕ್ಕ ಹೋಗಬೇಕನಸ್ತೈತಿ. ನಾ ಮೈಗಳ್ಳ ಆಗೀನೇನ್ರಿ?"

ತಮ್ಮಾ, ಮೈಗಳ್ಳ ಇಷ್ಟು ಸಂಕಟಪಟ್ಟು ಕಾಗದ ಬರೆಯುವುದಿಲ್ಲ. ಕೆಲಸ ತಪ್ಪಿದರೆ ಅವನಿಗೆ ಹಬ್ಬ.

ನಿನ್ನ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಬಣ್ಣಾನೂ ಅವರ ಹೇಳ್ತಾರ' ಎಂಬ ಮಾತು. ಅಮೆರಿಕದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಶಿಶುವಿಹಾರದಲ್ಲಿ ಚಿತ್ರ ಬಿಡಿಸುವುದೆಂದರೆ ಪ್ರಾಣ ಬಿಡುವ ಮಕ್ಕಳನ್ನು ಆರಿಸಿ, ಕೆಲವರಿಗೆ 'ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡ್ತೀವಿ' ಎಂದು ಮೊದಲೇ ಹೇಳಿದರು. ಕೆಲವರಿಗೆ ಏನೂ ಹೇಳದೆ ಕೊನೆಗೆ ಕೈಗಿತ್ತರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರ ಕಳೆದು ನೋಡಿದರೆ, ಪ್ರಶಸ್ತಿಯ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದ ಕಡೆ ಸುಳಿದರು. ಅಚಾನಕ್ ಪಡೆದವರ ಹುರುಪಿಗೆ ಮಾತ್ರ ಏನೂ ಆಗಿರಲಿಲ್ಲ. ಅಂದರೆ ತಪ್ಪು ದುಡ್ಡಿನದಲ್ಲ. 'ಇದಕ್ಕಾಗಿಯೇ ಇದನ್ನು ಮಾಡ್ತಿದ್ದೀನಿ' ಎಂದು ಮನಸ್ಸು ಲೆಕ್ಕ ಬದಲಿಸಿಕೊಂಡಾಗ ಪೆಟ್ಟು ಬೀಳುತ್ತದೆ.

ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ಎಂಬಿಬ್ಬರು ಮನೋವಿಜ್ಞಾನಿಗಳು ದಶಕಗಟ್ಟಲೆ ಇದನ್ನೇ ಅಗೆದರು. ಅವರ ಪ್ರಕಾರ ಒಳಗಿನ ಹುರುಪಿಗೆ ಮೂರು ಆಹಾರ ಬೇಕು: ತನ್ನಿಚ್ಛೆ, ಕೈ ಪಳಗುತ್ತಿದೆ ಎಂಬ ಅರಿವು, ಜೊತೆಗಾರರು. ನಿನ್ನಿಚ್ಛೆ ಆರ್ಡರಿನ ಪಾಲಾಯಿತು. ಉಳಿದೆರಡನ್ನೂ ಅಜ್ಜ ತಮ್ಮೊಂದಿಗೆ ಒಯ್ದರು ಅನಿಸುತ್ತದೆ ನನಗೆ. 'ಕಣ್ಣು ಸೊಟ್ಟ ಆತು ನೋಡು' ಎನ್ನುವವರು ಈಗ ಯಾರಿದ್ದಾರೆ? ಗೊಂಬೆ ಹೇಗಾಯಿತೆಂದು ನಿನಗೆ ತಿಳಿಸುವುದು ಈಗ ಖಾತೆಗೆ ಹಣ ಬಿದ್ದ ಮೆಸೇಜ್ ಒಂದೇ. ಅಜ್ಜನ ಬಗ್ಗೆ ನೀನು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀ. ಅಲ್ಲಿ ಸ್ವಲ್ಪ ಕೂಡಬೇಕಿತ್ತು.

ವಿಡಿಯೋ ಚಹಾ ಇದ್ದಂತೆ. ಕುಡಿ, ಆದರೆ ಊಟ ಎನ್ನಬೇಡ.

ವ್ಯಾಪಾರಿಗೆ ಫೋನ್ ಮಾಡಿ, ಮೂವತ್ತು ಕಾಮಧೇನುವಿನಲ್ಲಿ ಐದಕ್ಕೆ ನನ್ನ ಬಣ್ಣ ಹಾಕ್ತೀನಿ ಎಂದು ಕೇಳು. ಒಲ್ಲೆ ಅನ್ನಬಹುದು, ಕೇಳಿದ್ದಕ್ಕೇನೂ ಖರ್ಚಿಲ್ಲ. ಅವರು ಒಪ್ಪಲಿ ಬಿಡಲಿ, ವಾರಕ್ಕೊಂದು ಗೊಂಬೆ ಯಾರ ಆರ್ಡರಿಗೂ ಅಲ್ಲದ್ದು ಮಾಡು. ಅದನ್ನು ಮೊಬೈಲಿನಲ್ಲಿ ಹಾಕಬೇಡ, ಲೈಕ್ ಎಣಿಸುವುದೂ ಪ್ರಶಸ್ತಿಪತ್ರವೇ. ಓಣಿಯ ಹಿರಿಯ ಚಿತ್ರಗಾರರೊಬ್ಬರ ಮುಂದಿಟ್ಟು, 'ಎಲ್ಲಿ ತಪ್ಪೈತಿ ಹೇಳ್ರಿ' ಅನ್ನು.

ಉಳಿದ ಇಪ್ಪತ್ತೈದು ಕಾಮಧೇನು ಬೇಸರದಲ್ಲೇ ಆಗಬೇಕು, ಸುಳ್ಳು ಹೇಳಲಾರೆ. ಪೀಟರ್ ಗೊಲ್‌ವಿಟ್ಜರ್ ಎಂಬ ಮನೋವಿಜ್ಞಾನಿ ಕಂಡುಕೊಂಡ ಉಪಾಯ ಅದಕ್ಕಾಗುತ್ತದೆ: 'ಇವತ್ತು ಚೆನ್ನಾಗಿ ದುಡಿಯುತ್ತೇನೆ' ಎಂದುಕೊಳ್ಳುವ ಬದಲು, 'ಚಹಾದ ಲೋಟ ಕೆಳಗಿಟ್ಟ ಕೂಡಲೇ ಗೊಂಬೆಗೆ ಮೆತ್ತುವ ಕಿಟ್ಟ ಕಲಸಲು ಕೂರುತ್ತೇನೆ' ಎಂದು ಗಳಿಗೆ, ಜಾಗ ಕಟ್ಟಿಬಿಡು. ಆಗ ಮನಸ್ಸಿನ ಅಪ್ಪಣೆಗೆ ಕಾಯುವ ಕೆಲಸವೇ ಇಲ್ಲ.

ಊಟ ರುಚಿಸದೆ, ನಿದ್ದೆ ಹತ್ತದೆ, ಗೆಳೆಯರೂ ಬೇಡವೆನಿಸಿ ವಾರಗಳಾಗಿದ್ದರೆ ಮಾತ್ರ ಇದು ಹುರುಪಿನ ಪ್ರಶ್ನೆಯಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು, ದುಡ್ಡು ಹತ್ತುವುದಿಲ್ಲ. ಇಲ್ಲವೇ ಜಿಲ್ಲಾಸ್ಪತ್ರೆಗೆ ಹೋಗಿ ಬಾ.

ಬೆಂಗಳೂರಿನ ಮಾತು. 'ಹಂಪಿ ಗುಡಿಯ ಚಿತ್ರ ಬರೆದವರ ವಂಶ, ಈ ಊರಿನದೇ ಎಂದು ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕ ಕಲೆ, ಬಿಟ್ಟು ಹೋಗ್ತೀಯಾ' ಎಂದು ನಿನ್ನನ್ನು ಹಂಗಿಸುವವರು ಸಿಗುತ್ತಾರೆ. ಅವರ ಮಾತಿಗೆ ಉಳಿಯಬೇಡ. ಅದೂ ಪರರ ಆರ್ಡರೇ. ಹೋಗುವುದು ಪಾಪವಲ್ಲ. ಆದರೆ ಸೆಕ್ಯೂರಿಟಿ ಕುರ್ಚಿಯ ಮೇಲೆ ಹನ್ನೆರಡು ತಾಸು ಕೂತಾಗ ಬಣ್ಣ ಯಾರು ಹೇಳುತ್ತಾರೆ, ಯೋಚಿಸು. ಎಂಟು ವಾರ, ಎಂಟು ಗೊಂಬೆ. ಆಮೇಲೆ ಟಿಕೆಟ್ ತೆಗೆಸುವುದಾದರೆ ತೆಗೆಸು.

ಮೊದಲನೆಯದು ಗರುಡ ಆಗಲಿ ಎಂದು ನನ್ನಾಸೆ. ಬೇಡವೆನಿಸಿದರೆ ನಿನಗೆ ಬೇಕಾದ್ದು ಮಾಡು.