ಮುಟ್ಟಿನ ಲೆಕ್ಕ ಹಿಡಿದು ‘ಸೇಫ್’ ದಿನ ಗುರುತಿಸುವುದು ಹೇಗೆ?

ನಿಮಗೆ ಒಂದು ಸಲ 26 ದಿನಕ್ಕೆ, ಇನ್ನೊಂದು ಸಲ 31 ದಿನಕ್ಕೆ ಮುಟ್ಟಾಗುತ್ತದೆ, ಆ್ಯಪ್ ಮಾತ್ರ ಪ್ರತಿ ತಿಂಗಳೂ 14ನೇ ದಿನಕ್ಕೆ ಗುರುತು ಹಾಕುತ್ತದೆ, ಅದರ ಆಚೀಚೆ ಎರಡು ದಿನ ಬಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಲದು.

ಆ 14 ಎನ್ನುವುದು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸುವ ಲೆಕ್ಕ. 1920ರ ದಶಕದಲ್ಲಿ ಜಪಾನಿನ ಓಗಿನೊ, ಆಸ್ಟ್ರಿಯಾದ ಕ್ನಾಉಸ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಕಂಡುಕೊಂಡದ್ದು ಇದನ್ನೇ. ಅಂಡಾಣು ಬಿಡುಗಡೆಯಾದ ಮೇಲೆ ಮುಟ್ಟಾಗಲು ಸುಮಾರು ಎರಡು ವಾರ ಹಿಡಿಯುತ್ತದೆ. ತಿಂಗಳಿಂದ ತಿಂಗಳಿಗೆ ಹೆಚ್ಚುಕಮ್ಮಿಯಾಗುವುದು ಬಹುಪಾಲು ಅದಕ್ಕೂ ಮುಂಚಿನ ದಿನಗಳು. ಒಂದು ಮುಟ್ಟು ಶುರುವಾದ ದಿನದಿಂದ ಮುಂದಿನದು ಶುರುವಾಗುವವರೆಗಿನ ದಿನಗಳಿಗೆ ಚಕ್ರ ಎನ್ನುತ್ತಾರೆ. ಅಂದರೆ 26 ದಿನದ ಚಕ್ರದಲ್ಲಿ 12ನೇ ದಿನದ ಸುಮಾರಿಗೆ, 31ರದ್ದರಲ್ಲಿ 17ರ ಸುಮಾರಿಗೆ ಅಂಡಾಣು ಬರುತ್ತದೆ. ಈ ತಿಂಗಳದ್ದು ಯಾವ ಚಕ್ರ ಎಂದು ಮೊದಲೇ ಹೇಳಲಾಗದು, ತೊಡಕೆಲ್ಲ ಇರುವುದು ಅಲ್ಲೇ. ಅದರ ಮೇಲೆ ವೀರ್ಯಾಣು ಹೆಣ್ಣಿನ ಒಡಲಲ್ಲಿ 5 ದಿನದವರೆಗೂ ಬದುಕಿರಬಲ್ಲದು. ಅಂಡಾಣುವಿನ ಆಯಸ್ಸು ಹೆಚ್ಚೆಂದರೆ ಒಂದು ದಿನ. ಹಾಗಾಗಿ ಗರ್ಭ ನಿಲ್ಲುವುದು ಅಂಡಾಣು ಬರುವ ದಿನ ಮತ್ತು ಅದರ ಹಿಂದಿನ 5 ದಿನಗಳಲ್ಲಿ ಸೇರಿದರೆ.

ಲೆಕ್ಕ ಹೀಗೆ. ಸರಿಯಾಗಿ ಕೆಂಪು ಸ್ರಾವ ಶುರುವಾದ ದಿನವೇ 1ನೇ ದಿನ. ಹಿಂದಿನ ದಿನ ಕಂಡ ಕಂದು ಕಲೆ ಲೆಕ್ಕಕ್ಕಿಲ್ಲ. ಸ್ರಾವ ನಿಂತ ದಿನದಿಂದ ಎಣಿಸುವವರು ಬಹಳ ಮಂದಿ ಇದ್ದಾರೆ. ಅಲ್ಲಿಗೆ ಲೆಕ್ಕ ನಾಲ್ಕೈದು ದಿನ ಜಾರಿಹೋಯಿತು. ಕನಿಷ್ಠ 6 ತಿಂಗಳ ತಾರೀಕು ಬರೆದಿಟ್ಟು, ಅತಿ ಚಿಕ್ಕ ಚಕ್ರದಿಂದ 18, ಅತಿ ದೊಡ್ಡದರಿಂದ 11 ಕಳೆಯಿರಿ. ನಿಮಗೆ 26−18=8, 31−11=20. 8ರಿಂದ 20ನೇ ದಿನದವರೆಗೆ ಗರ್ಭ ನಿಲ್ಲಬಹುದು. ಮುಟ್ಟು 3ನೇ ತಾರೀಕು ಶುರುವಾಗಿದ್ದರೆ 10ರಿಂದ 22ನೇ ತಾರೀಕಿನವರೆಗೆ, ಎರಡೂ ಸೇರಿ 13 ದಿನ. ಗರ್ಭ ಖಂಡಿತ ಬೇಡ ಎನ್ನುವವರು 18ರ ಬದಲು 20 ಕಳೆಯುವುದು ಒಳ್ಳೆಯದು. ಆಗ 6ನೇ ದಿನದಿಂದಲೇ ಎಚ್ಚರ ಬೇಕು.

ಚಕ್ರ ಯಾವಾಗಲೂ 26ರಿಂದ 32 ದಿನದೊಳಗೇ ಇರುವವರಿಗೆ ಇನ್ನೂ ಸುಲಭದ್ದೊಂದಿದೆ: 8ರಿಂದ 19ನೇ ದಿನದವರೆಗೆ ಬಿಡುವುದು. ಇದಕ್ಕೆಂದೇ 32 ಮಣಿಗಳ ಸರ ಮಾಡಿದ್ದಾರೆ. ಒಂದು ಕೆಂಪು ಮಣಿ ಮುಟ್ಟಿನ ಮೊದಲ ದಿನಕ್ಕೆ, ಆರು ಕಂದು, ಹನ್ನೆರಡು ಬಿಳಿ, ಮತ್ತೆ ಹದಿಮೂರು ಕಂದು. ದಿನಕ್ಕೊಂದರಂತೆ ರಬ್ಬರ್ ರಿಂಗ್ ಸರಿಸುತ್ತಾ ಹೋಗಬೇಕು; ರಿಂಗ್ ಬಿಳಿ ಮಣಿಯ ಮೇಲಿದ್ದರೆ ಸೇರುವಂತಿಲ್ಲ, ಇಲ್ಲವೇ ನಿರೋಧ್ ಬೇಕು. ಒಂದು ದಿನವೂ ತಪ್ಪದೆ ಪಾಲಿಸಿದರೂ ವರ್ಷಕ್ಕೆ ನೂರರಲ್ಲಿ ಸುಮಾರು 5 ಹೆಂಗಸರು ಬಸುರಾಗುತ್ತಾರೆ. ಸಾಮಾನ್ಯವಾಗಿ ಜನ ಪಾಲಿಸುವ ರೀತಿಯಲ್ಲಾದರೆ 12. ಗಂಡ ಒಪ್ಪಿ ಜೊತೆಗೂಡದಿದ್ದರೆ ಈ ವಿಧಾನ ನಡೆಯುವುದೇ ಇಲ್ಲ, ಅದನ್ನು ಮೊದಲೇ ಮಾತಾಡಿಕೊಳ್ಳಿ.

ಬರೀ ಕ್ಯಾಲೆಂಡರ್ ನಂಬುವುದಕ್ಕಿಂತ ಮೈ ಕೊಡುವ ಸೂಚನೆಯನ್ನೂ ನೋಡಿ ಎನ್ನುತ್ತೇನೆ. ಮುಟ್ಟು ನಿಂತ ಮೇಲೆ ಕೆಲವು ದಿನ ಯೋನಿ ಒಣಗಿದಂತಿರುತ್ತದೆ. ಆಮೇಲೆ ಅಂಟಂಟಾದ ಬಿಳಿ ಲೋಳೆ. ಅಂಡಾಣು ಬರುವ ದಿನ ಹತ್ತಿರವಾದಂತೆ ಅದು ಹಸಿ ಮೊಟ್ಟೆಯ ಬಿಳಿ ಭಾಗದ ಹಾಗೆ ತಿಳಿಯಾಗಿ ಜಾರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನ ಬಿಡಿಸಿದರೆ ತುಂಡಾಗದೆ ಎಳೆಯಾಗಿ ಎಳೆಯುತ್ತದೆ. ಹಾಗೆ ಕಂಡ ಕೊನೆಯ ದಿನದ ನಂತರವೂ 3 ದಿನ ಕಾಯಬೇಕು. ಹಿಂದಿನ ರಾತ್ರಿಯ ವೀರ್ಯ ಇದನ್ನು ಮರೆಮಾಚುತ್ತದೆ. ಮೊಸರಿನಂತೆ ಗಟ್ಟಿಯಾಗಿ ಹೋಗುತ್ತಿದ್ದರೆ, ತುರಿಕೆ ಅಥವಾ ವಾಸನೆಯಿದ್ದರೆ ಅದು ಸೋಂಕು. ಡಾಕ್ಟರಿಗೆ ತೋರಿಸಿ.

ಇನ್ನೊಂದು ಸೂಚನೆ ಮೈಬಿಸಿ, ಅದಕ್ಕೆ ಥರ್ಮಾಮೀಟರ್ ಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ, ದಿನಾ ಒಂದೇ ಹೊತ್ತಿಗೆ ನೋಡಿ ಬರೆಯಬೇಕು. ಅಂಡಾಣು ಬಂದ ಮೇಲೆ ಮೈಬಿಸಿ ಕೇವಲ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಆದ್ದರಿಂದ ದಶಾಂಶದ ಎರಡು ಅಂಕಿ ತೋರಿಸುವುದನ್ನೇ ಕೊಳ್ಳಿ. ಹಿಂದಿನ 6 ದಿನಗಳಿಗಿಂತ ಹೆಚ್ಚಿನ ಬಿಸಿ ಸತತ 3 ದಿನ ಕಂಡರೆ, ಲೋಳೆಯ ಆ 3 ದಿನವೂ ಕಳೆದಿದ್ದರೆ, ಅಲ್ಲಿಂದ ಮುಂದಿನ ಮುಟ್ಟಿನವರೆಗೆ ಇರುವ ದಿನಗಳೇ ನಿಜಕ್ಕೂ ನಂಬುವಂಥವು. ಮುಟ್ಟಿನ ನಂತರದ ಮೊದಲ ದಿನಗಳು ಊಹೆಯ ಮೇಲೆ ನಿಂತವು. ಜ್ವರ, ನಿದ್ದೆಗೆಟ್ಟ ರಾತ್ರಿ, ನೈಟ್ ಶಿಫ್ಟ್ ಎಲ್ಲವೂ ಅಂಕಿಯನ್ನು ಕೆಡಿಸುತ್ತವೆ.

ಪಿಸಿಓಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ) ಇದ್ದವರು, ಹೆರಿಗೆಯಾಗಿ ಹಾಲೂಡಿಸುತ್ತಿರುವವರು, ಗರ್ಭನಿರೋಧಕ ಮಾತ್ರೆ ಈಗಷ್ಟೇ ಬಿಟ್ಟವರು, ಮುಟ್ಟು ನಿಲ್ಲುವ ವಯಸ್ಸಿಗೆ ಹತ್ತಿರವಾದವರು ಕ್ಯಾಲೆಂಡರ್ ಲೆಕ್ಕ ನಂಬಿ ಕೂರಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ನಿರೋಧ್, ‘ಛಾಯಾ’ ಮಾತ್ರೆ, ಮೂರು ತಿಂಗಳಿಗೊಮ್ಮೆಯ ‘ಅಂತರಾ’ ಚುಚ್ಚುಮದ್ದು ಉಚಿತ. ಯಾವುದು ಹೊಂದುತ್ತದೆ ಎಂದು ಅಲ್ಲೇ ಕೇಳಿ.

ಮಗು ಬೇಕು ಎನ್ನುವವರಾದರೆ ಇದೇ 8ರಿಂದ 20ರೊಳಗೆ ದಿನ ಬಿಟ್ಟು ದಿನ ಸೇರಿದರೆ ಸಾಕು, ಒಂದೇ ದಿನವನ್ನು ಹುಡುಕುತ್ತಾ ಒದ್ದಾಡಬೇಕಿಲ್ಲ.

ಬೇಡದ ದಿನಗಳಲ್ಲಿ ಎಡವಟ್ಟಾದರೆ ಎಮರ್ಜೆನ್ಸಿ ಮಾತ್ರೆಯನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ, 72 ಗಂಟೆಯೊಳಗೆ ತೆಗೆದುಕೊಳ್ಳಿ. ಅದರಿಂದ ಮುಟ್ಟು ಹಿಂದುಮುಂದಾಗುತ್ತದೆ, ಆ ತಿಂಗಳ ಅಂಕಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. ಬರಬೇಕಾದ ದಿನ ದಾಟಿ ವಾರವಾದರೂ ಮುಟ್ಟಾಗದಿದ್ದರೆ ಮೆಡಿಕಲ್ ಶಾಪಿನ ಕಿಟ್ ತಂದು, ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ.