ಜಾರವಾ ಜನರನ್ನು ಮಕ್ಕಳಿಗೆ ತೋರಿಸಬಹುದಾ?

ಪ್ರಶ್ನೆ: ಮೇಡಂ, ದಸರಾ ರಜೆಗೆ ನಮ್ಮ ಶಾಲೆಯ ಶಿಕ್ಷಕರೆಲ್ಲ ಫ್ಯಾಮಿಲಿ ಸಮೇತ ಅಂಡಮಾನ್‌ಗೆ ಹೊರಟಿದ್ದೇವೆ. ಬಾರಾಟಾಂಗ್ ದಾರಿಯಲ್ಲಿ ಅದೃಷ್ಟವಿದ್ದರೆ ಕಾಡಿನ ಜನ ಕಾಣಿಸ್ತಾರೆ ಅಂತ ಟೂರಿನವರು ಹೇಳಿದರು. ಮಕ್ಕಳಿಗೆ ತೋರಿಸುವ ಆಸೆ. ತಪ್ಪಾ? ಅಲ್ಲ, ಅವರನ್ನು ಶಾಲೆಗೆ ಸೇರಿಸಿ ಮುಂದಕ್ಕೆ ತರಬಾರದಾ?
— ಒಬ್ಬ ಶಿಕ್ಷಕರು, ತಿಪಟೂರು

ಉತ್ತರ: ಅಂಡಮಾನ್‌ಗೆ ಖಂಡಿತ ಹೋಗಿ ಮೇಷ್ಟ್ರೇ. ಟೂರಿನವರು ಹೇಳಿದ ಆ ಕಾಡಿನ ಬುಡಕಟ್ಟು, ಜಾರವಾ ಜನರನ್ನು ನೋಡೋಕೆ ಅಂತ ಮಾತ್ರ ಹೋಗಬೇಡಿ.

ಈ 'ಮುಂದಕ್ಕೆ ತರುವ' ಕೆಲಸವನ್ನು ಬ್ರಿಟಿಷರು ಆಗಲೇ ಮಾಡಿ ನೋಡಿದ್ದಾರೆ. 1858ರಲ್ಲಿ ಪೋರ್ಟ್ ಬ್ಲೇರ್‌ಗೆ ಕೈದಿಗಳನ್ನು ತಂದರು, ಕಾಡು ಕಡಿಸಿದರು. ಮರುವರ್ಷ ಅಲ್ಲಿನ ಇನ್ನೊಂದು ಬುಡಕಟ್ಟಾದ ಗ್ರೇಟ್ ಅಂಡಮಾನೀಸ್ ಜನ ಬಿಲ್ಲು ಬಾಣ ಹಿಡಿದು ಪೋರ್ಟ್ ಬ್ಲೇರ್‌ನ ಅಬರ್ಡೀನ್‌ನಲ್ಲಿ ಎದುರು ನಿಂತು ಸೋತರು. ಆಮೇಲೆ 'ಅಂಡಮಾನ್ ಹೋಮ್' ಅಂತ ಕಟ್ಟಿ, ಬಟ್ಟೆ ತೊಡಿಸಿ, ಇಂಗ್ಲಿಷ್ ಕಲಿಸಿ ಸುಧಾರಿಸ್ತೀವಿ ಅಂದರು. ಜೊತೆಗೆ ಸಿಫಿಲಿಸ್ ಬಂತು, 1877ರಲ್ಲಿ ದಡಾರ ಬಂತು, ಆ ಜನರ ಮೈಗೆ ಎರಡೂ ಹೊಸವು. ಸಾವಿರಾರು ಇದ್ದವರು 1901ರ ಜನಗಣತಿಯಲ್ಲಿ 625. 1961ರಲ್ಲಿ ಬರೀ 19. ಅವರ ಭಾಷೆಗಳಲ್ಲಿ ಒಂದಾದ 'ಬೋ' ಬಲ್ಲ ಕೊನೆಯ ಅಜ್ಜಿ 2010ರಲ್ಲಿ ತೀರಿಕೊಂಡರು.

ಜಾರವಾ ಜನ ಹತ್ತಿರ ಬಂದವರಿಗೆ ಬಾಣ ಬಿಟ್ಟು ದೂರವೇ ಇದ್ದರು, ಅದಕ್ಕೇ ಉಳಿದರು. ಅವರ ಕಾಡಿನ ನಡುವೆ ಟ್ರಂಕ್ ರೋಡ್, ಅಂದರೆ ನೀವು ಬಾರಾಟಾಂಗ್‌ಗೆ ಹೋಗುವ ದಾರಿ, ಹಾಕಿದ್ದು ಬ್ರಿಟಿಷರಲ್ಲ, ಸ್ವಾತಂತ್ರ್ಯ ಬಂದಮೇಲೆ ನಾವೇ! 1998ರ ಸುಮಾರಿಗೆ ಅವರು ಹೊರಗೆ ಬರತೊಡಗಿದರು, 1999ರಲ್ಲಿ ಮತ್ತದೇ ದಡಾರ. ಅಲ್ಲಿ ರಸ್ತೆ ಮುಚ್ಚಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದರೂ ಜಿರ್ಕಾಟಾಂಗ್ ಚೆಕ್‌ಪೋಸ್ಟಿನಿಂದ ಪೊಲೀಸರ ಬೆಂಗಾವಲಲ್ಲಿ ಗಾಡಿಗಳ ಸಾಲು ಹೋಗುತ್ತಲೇ ಇದೆ. ತಿಂಡಿಯ ಆಸೆ ತೋರಿಸಿ ಜಾರವಾ ಹೆಂಗಸರನ್ನು ಕುಣಿಸಿದ ವಿಡಿಯೊ 2012ರಲ್ಲಿ ಹೊರಬಿದ್ದು ಗಲಾಟೆಯಾಯಿತು. ಗುಬ್ಬಿ ಜಾತ್ರೆಗೆ ಹೊರಟ ಬಸ್ಸೊಂದು ನಿಮ್ಮ ತೋಟದ ಮನೆ ಮುಂದೆ ನಿಂತು, ನಿಮ್ಮ ಮಕ್ಕಳಿಗೆ ಚಿಪ್ಸ್ ಎಸೆದು ಡ್ಯಾನ್ಸ್ ಮಾಡ್ರೋ ಅಂದರೆ ಕಾಯಿ ಕೆತ್ತುವ ಮಚ್ಚು ಕೈಗೆ ಬರಲ್ವಾ?

ಶಾಲೆ, ಬಟ್ಟೆ, ಊಟ ಎಲ್ಲ ಬೇಕಾ ಬೇಡವಾ ಅಂತ ತೀರ್ಮಾನ ಮಾಡಬೇಕಾದವರು ಅವರು. ನಾವು ಆದಷ್ಟು ಕಮ್ಮಿ ಕೈಹಾಕಬೇಕು ಅಂತ 2004ರ ಸರ್ಕಾರಿ ನೀತಿಯೂ ಹೇಳುತ್ತದೆ. ಫೋಟೊ ತೆಗೆದರೆ ಜೈಲಿಗೂ ಹಾಕಬಹುದು, ಟೂರಿನವರು ಇದನ್ನು ಹೇಳಿರಲ್ಲ ಬಿಡಿ.

ಬಾರಾಟಾಂಗ್‌ನಲ್ಲಿ ಸುಣ್ಣಕಲ್ಲಿನ ಗುಹೆ ಚೆನ್ನಾಗಿದೆ ನಿಜ, ಆದರೂ ನಾನಾದರೆ ಬಿಡ್ತೀನಿ. ಆ ದಿನ ಪೋರ್ಟ್ ಬ್ಲೇರ್‌ನಲ್ಲೇ (ಈಗಿನ ಹೆಸರು ಶ್ರೀ ವಿಜಯಪುರಂ) ಉಳಿಯಿರಿ, ಸೆಲ್ಯುಲಾರ್ ಜೈಲಿನ ಜೊತೆ ಅಬರ್ಡೀನ್ ಕದನದ ಸ್ಮಾರಕವನ್ನೂ ಮಕ್ಕಳಿಗೆ ತೋರಿಸಿ. ಅಡ್ವಾನ್ಸ್ ಕೊಡುವ ಮುಂಚೆಯೇ ಟೂರಿನವರಿಗೆ ಹೇಳಿಬಿಡಿ, ಆಮೇಲೆ ಬದಲಾಯಿಸಲ್ಲ ಅಂತಾರೆ.